ಬೋರಲು ಹಾಕಿದ ನಳಿಕೆ

ಜೂನ್ ೧೨, ಗುರುವಾರ. ಬೆನ್ಯೂ ನದಿ ತೀರ.

ಕೂಡಿದ ಮಹಾಜನರೇ, ಕೇಳಿರಿ! ನಮ್ಮ ಆಸ್ಪತ್ರೆಗೆ ಬಂದ ಹುಡುಗ ಗಾಂಬೊ ಗೆದ್ದ. ಅವನನ್ನು ಕಚ್ಚಿದ ಗರಗಸ ಮಂಡಲ ಹಾವಿನ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡದು. ವಿಷಹಾರಿ ಮದ್ದು ಕೊಟ್ಟಾಗ ಅವನ ವಸಡಿನ ರಕ್ತವೇನೋ ನಿಂತಿತು, ಆದರೆ ಗಾಜಿನ ನಳಿಕೆಗೆ ತೆಗೆದ ರಕ್ತ ಇನ್ನೂ ನೀರು.

"ನಿಮ್ಮ ಆಸ್ಪತ್ರೆ ಕೈಲಾಗಲ್ಲ ಬಿಡು, ನಾಟಿ ವೈದ್ಯನ ಹತ್ರ ಒಯ್ತೀನಿ," ಅಂತ ಅವನ ಚಿಕ್ಕಪ್ಪ ಇಲಿಯಾ ಹುಡುಗನನ್ನು ಎತ್ತಿಯೇಬಿಟ್ಟ.

ಸ್ವಲ್ಪ ತಡಿ ಅಂತ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ನಳಿಕೆ ಮೂಸಿದೆ. ಸೋಪಿನ ವಾಸನೆ! ಸೋಪು ಅಂಟಿದ ಗಾಜಿನಲ್ಲಿ ಯಾರ ರಕ್ತವೂ ಹೆಪ್ಪುಗಟ್ಟದು. ಹಾಗೇ ಸೋಪಲ್ಲಿ ತೊಳೆದ ಇನ್ನೊಂದು ನಳಿಕೆಗೆ ನನ್ನ ರಕ್ತವನ್ನೇ ಬಿಟ್ಟೆ, ಹೊಚ್ಚಹೊಸದಕ್ಕೆ ಗಾಂಬೊನದು. ಇಪ್ಪತ್ತು ನಿಮಿಷ ಕಳೆದರೂ ನನ್ನದು ನೀರಾಗಿಯೇ ಇತ್ತು.

"ಏನಯ್ಯಾ ನರ್ಸಪ್ಪಾ, ನಿಂಗೂ ಹಾವು ಕಚ್ತಾ?" ಇಲಿಯಾ ಕೆಣಕಿದ.

ಗಾಂಬೊನ ನಳಿಕೆಯನ್ನು ಇಲಿಯಾನ ಮೂಗಿನೆದುರೇ ಬೋರಲು ಹಾಕಿದೆ. ಒಂದು ಹನಿಯೂ ಬೀಳಲಿಲ್ಲ; ರಕ್ತ ಹೆಪ್ಪುಗಟ್ಟಿತ್ತು, ಮದ್ದು ಕೆಲಸ ಮಾಡಿತ್ತು. ಇಲಿಯಾ ಗಾಂಬೊನನ್ನು ಮತ್ತೆ ಮಂಚದಲ್ಲಿ ಮಲಗಿಸಿದ. ಕಣ್ಣು ಎಳೆಯುತ್ತಿದೆ. ನಾಳೆ ಬೆಳಗ್ಗೆ ಗಾಂಬೊಗೆ ನಾನೇ ಗಂಜಿ ಕುಡಿಸುತ್ತೇನೆ.