ಅಮ್ಮನ ದೋಣಿಗೆ ಮೇಣ

ಭಾನುವಾರ, ಊಟದ ನಂತರ

ಪ್ರೀತಿಯ ಮಗಳೇ,

ನಾವಿಲ್ಲಿ ಉಂಡುಟ್ಟುಕೊಂಡು ಚೆನ್ನಾಗಿದ್ದೇವೆ. ನೀನೂ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಕೊಡುತ್ತಿರುವುದಕ್ಕೆ ಬೈಯಬೇಡ. ಫೋನಿನಲ್ಲೇ ಹೇಳಿಬಿಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ಬಿಸಿಲು-ಮಳೆಯ ವಿಚಾರ ಮಾತಾಡಿ ಇಟ್ಟುಬಿಡುತ್ತೇವೆ.

ದೋಣಿ ಸಿದ್ಧವಾಗಿದೆ. ಅದೇ ಹಳದಿ ಬಣ್ಣ. ನೀನು ರಜೆಗೆ ಬಂದ ಮಾರನೆಯ ದಿನವೇ ನೀರಿಗಿಳಿಸಬಹುದು. ಆದರೆ ನೀನು ಬರೆದಿದ್ದೆಯಲ್ಲ, "ಅಮ್ಮನ ದೋಣಿಗೆ ನೀನೊಬ್ಬನೇ ಕೈ ಹಚ್ಚು ಅಪ್ಪ, ಬೇರೆ ಯಾರಾದ್ರೂ ಮುಟ್ಟಿದ್ರೆ ನಾನು ಬರೋದೇ ಇಲ್ಲ" ಎಂದು. ಆ ಮಾತನ್ನು ನಡೆಸಿಕೊಡಲು ನನ್ನಿಂದ ಆಗಲಿಲ್ಲ. ಮುಟ್ಟಿದವಳು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ನಾನು ಎರಡನೆಯ ಸಲ ಮದುವೆಯಾದವಳೇ. ಬರುವುದೋ ಬೇಡವೋ ಎಂದು ನಿರ್ಧರಿಸುವ ಮೊದಲು ನಡೆದದ್ದನ್ನು ಪೂರ್ತಿ ಓದು.

ಶುರು ಮಾಡಿದ್ದು ನಾನೊಬ್ಬನೇ. ಹಿತ್ತಿಲಲ್ಲಿ ತಾಡಪಾಲು ತೆಗೆದು, ದೋಣಿಯನ್ನು ಬಸ್ಸಿನ ಹಳೇ ಟೈರುಗಳ ಮೇಲೆ ಬೋರಲು ಹಾಕಿ, ಪಾಚಿಯನ್ನೆಲ್ಲ ಕೆರೆದೆ. ಫೈಬರಿನ ಮೈ ಬಿಸಿಲಿಗೆ ಸುಣ್ಣದಂತಾಗಿತ್ತು, ಮುಟ್ಟಿದರೆ ಅಂಗೈಗೆ ಬಿಳಿ ಪುಡಿ ಬರುತ್ತಿತ್ತು. ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು. ಸ್ಯಾಂಡ್‌ಪೇಪರ್ ಹಿಡಿದು ಉಜ್ಜತೊಡಗಿದೆ. ಜೀವನವಿಡೀ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಭುಜ, ಅರ್ಧ ದಿನಕ್ಕೇ ಕೈ ಮೇಲೆತ್ತಲು ಬಾರದಂತಾಯಿತು. ಅವಳು ಬಾಗಿಲಲ್ಲಿ ನಿಂತು ನೋಡುವಷ್ಟು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ರೀ, ಕೊಡಿ ಇಲ್ಲಿ. ನೀವು ಉಜ್ಜೋದು ನೋಡಿದ್ರೆ ದೋಣಿಗೆ ಕಚಗುಳಿ ಇಡೋ ಹಾಗಿದೆ."

ಬೇಡ ಎನ್ನಬೇಕಿತ್ತು, ನಿನ್ನ ಮಾತು ನೆನಪಿತ್ತು. ಆದರೆ ಭುಜದ ನೋವು ಬಾಯಿ ಕಟ್ಟಿಹಾಕಿತು. ಅವಳು ಪೀಠೋಪಕರಣದ ಅಂಗಡಿಯಲ್ಲಿ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುವವಳಲ್ಲವೇ, ಉಜ್ಜುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸ್ಯಾಂಡ್‌ಪೇಪರನ್ನು ನೀರಲ್ಲಿ ಅದ್ದಿ ಅದ್ದಿ ಉಜ್ಜಿದಳು. ಬಿರುಕುಗಳಿಗೆ ನಾನು ಪುಟ್ಟಿ ತುಂಬಿದೆ. ಅದು ಒಣಗಿದ ಮೇಲೆ ಅವಳು ಕಣ್ಣು ಮುಚ್ಚಿಕೊಂಡು ಅಂಗೈಯಾಡಿಸಿ, "ಇಲ್ಲಿ ಉಬ್ಬಿದೆ, ಇಲ್ಲಿ ತಗ್ಗಿದೆ" ಎನ್ನುತ್ತಿದ್ದಳು. ಕೊನೆಗೆ ಬೂದು ಬಣ್ಣದ ಪ್ರೈಮರ್ ಬಳಿದೆವು.

ಎಡವಟ್ಟಾದದ್ದು ಇಲ್ಲಿ. ನಾನು ಹಳದಿ ಡಬ್ಬಿ ತರಲು ಪೇಟೆಗೆ ಹೋಗಿದ್ದೆ. ಪ್ರೈಮರಿನ ಆ ಮಂಕು ಮೈ ನೋಡಿ ಅವಳಿಗೆ ಮನಸ್ಸು ತಡೆಯಲಿಲ್ಲವಂತೆ. ಅವಳ ಕಸುಬಿನಲ್ಲಿ ಎಲ್ಲ ಕೆಲಸಕ್ಕೂ ಕೊನೆಯ ಕೈ ಎಂದರೆ ಮೇಣ. ನನಗೆ ಖುಷಿಯಾಗಲಿ ಎಂದು ದೋಣಿಗೆ ಪೂರ್ತಿ ಮೇಣ ತಿಕ್ಕಿ ಮಿರಮಿರ ಮಿಂಚಿಸಿಬಿಟ್ಟಿದ್ದಳು! ನಾನೋ, ಡಬ್ಬಿ ತೆರೆಯುವ ಅವಸರದಲ್ಲಿ ಏನನ್ನೂ ಗಮನಿಸದೆ ಬಣ್ಣ ಹಚ್ಚಿದೆ. ಬಣ್ಣ ಅಂಟಲೇ ಇಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಸರಿದು ಸರಿದು ನಿಂತಿತು. ಎಲ್ಲಿ ನೋಡಿದರೂ ಸಿಡುಬಿನ ಕಲೆಗಳಂಥ ತೂತು.

ಸುದ್ದಿ ತಿಳಿದು ಬಂದ ಬಣ್ಣದಂಗಡಿಯವನು ಬೆರಳಾಡಿಸಿ, ಮೂಸಿ ನೋಡಿ, "ಯಜಮಾನ್ರೇ, ಇದೇನು ದೋಣಿನೋ ಡೈನಿಂಗ್ ಟೇಬಲ್ಲೋ?" ಎಂದ.

ನನಗೆ ರೇಗಿತು. "ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯ್ತು" ಎಂದು ಕೂಗಾಡಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗು ತಡೆಯುತ್ತಿದ್ದಾಳೆ. "ಡೈನಿಂಗ್ ಟೇಬಲ್ ಆಗಿದ್ರೆ ಚೆನ್ನಾಗೇ ಇರ್ತಿತ್ತು ಬಿಡಿ" ಎಂದಳು. ಅಂಗಡಿಯವನು ನಕ್ಕ, ಆಮೇಲೆ ನಾನೂ ನಕ್ಕೆ.

ಹಾಗೇ ಮತ್ತೆ ಉಜ್ಜಿದರೆ ಮೇಣ ಗೀರುಗಳೊಳಗೆ ಇನ್ನಷ್ಟು ಇಳಿಯುತ್ತದೆ, ಮೊದಲು ಅದನ್ನು ಒರೆಸಿ ತೆಗೆಯಬೇಕು ಎಂದು ಅವನು ಹೇಳಿಕೊಟ್ಟ. ಒಂದು ಕೈಯಲ್ಲಿ ಥಿನ್ನರ್ ಬಟ್ಟೆ, ಹಿಂದೆಯೇ ಇನ್ನೊಂದು ಕೈಯಲ್ಲಿ ಒಣಬಟ್ಟೆ. ಬಟ್ಟೆ ಬದಲಿಸದಿದ್ದರೆ ಮೇಣ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಹಳೇ ಸೀರೆ, ನನ್ನ ಬನಿಯನ್ನು ಎಲ್ಲ ಮುಗಿದವು. ಪ್ರೈಮರೂ ಅರ್ಧ ಕಿತ್ತುಬಂತು, ಅದನ್ನೂ ಮತ್ತೆ ಬಳಿದೆವು.

ಒರೆಸುತ್ತಾ ಒರೆಸುತ್ತಾ ಅವಳು ಕೇಳಿದಳು, "ಅಕ್ಕ ಯಾವ ಕಡೆ ಮುಖ ಮಾಡಿ ಕೂತ್ಕೊಳ್ತಿದ್ರು?" ನಿನ್ನಮ್ಮ ಆಚೆ ದಡದ ಹೊಲಿಗೆ ಅಂಗಡಿಗೆ ಹೋಗುತ್ತಿದ್ದದ್ದು, ಮಡಿಲಲ್ಲಿ ಬಟ್ಟೆಯ ಗಂಟು, ನಾನು ಹುಟ್ಟು ಹಾಕಲು ಹೋದರೆ "ಬಸ್ಸಿನ ಥರ ಬ್ರೇಕ್ ಹಾಕ್ಬೇಡಿ" ಎಂದು ಗದರುತ್ತಿದ್ದದ್ದು, ಎಲ್ಲ ಹೇಳಿದೆ. ನಿನ್ನಮ್ಮ ಹೋದಮೇಲೆ ಯಾರೊಡನೆಯೂ ಅವಳ ಮಾತು ಇಷ್ಟು ಬಾಯಿತುಂಬ ಆಡಿರಲಿಲ್ಲ. ಮನಸ್ಸು ಹಗುರವಾಯಿತು ಮಗಳೇ. ಯಾರೋ ಅಮ್ಮನನ್ನು ಒರೆಸಿಹಾಕುತ್ತಿದ್ದಾರೆ ಎಂದು ನೀನು ಹೆದರಿದ್ದೆ. ನಡೆದದ್ದು ಅದಲ್ಲ.

ಎರಡನೆಯ ಸಲ ಬಣ್ಣ ಕೆನೆಯ ಹಾಗೆ ಕೂತಿತು. ಈಗ ಒಣಗಿ ಗಟ್ಟಿಯಾಗಿದೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋಗಿ ಸುಮ್ಮನೆ ನೋಡಿ ಬರುತ್ತೇನೆ. ಭುಜವೂ ವಾಸಿಯಾಗಿದೆ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಕಣ್ಣು ಕೆಡಿಸಿಕೊಳ್ಳಬೇಡ. ನಿನ್ನ ಕೈಯಲ್ಲಿ ಆರೈಕೆ ಪಡೆದವರ ಹಾರೈಕೆಯೆಲ್ಲ ನಿನಗೇ ಇರಲಿ. ನೂರು ಕಾಲ ಸುಖವಾಗಿ ಬಾಳು, ನಗುನಗುತ್ತಾ ಇರು.

ನಿನ್ನ
ಅಪ್ಪ

ವಿ.ಸೂ.: ಇಷ್ಟು ಬರೆದೂ ಬರೆಯಬೇಕಾದ್ದನ್ನು ಬರೆದಿಲ್ಲ. ದೋಣಿಯನ್ನು ಬೇರೆ ಯಾರೂ ಮುಟ್ಟಬಾರದು ಎಂಬ ನಿನ್ನ ಕಾಗದದ ಆ ಸಾಲನ್ನು ಅವಳೂ ಓದಿದ್ದಾಳೆ. ಯಾವಾಗ ಓದಿದಳೋ ನನಗೆ ಗೊತ್ತಿಲ್ಲ. ನೀನು ಬರುವ ಹಿಂದಿನ ದಿನ ತನ್ನ ತಂಗಿಯ ಮನೆಗೆ ಹೋಗುತ್ತಾಳಂತೆ, ನೀನು ಹೊರಟ ಮೇಲೆ ಬರುತ್ತಾಳಂತೆ. ಬ್ಯಾಗು ತುಂಬಿಯಾಗಿದೆ. "ಅಪ್ಪ-ಮಗಳು ದೋಣಿಯಲ್ಲಿ ಹೋಗಿ ಬನ್ನಿ. ನಾನಿದ್ರೆ ಹುಡುಗಿ ಮನಸ್ಸು ಬಿಚ್ಚಿ ಅಳೋಕೂ ಆಗಲ್ಲ" ಎಂದಳು. ಹಾಗೇನಿಲ್ಲ ಎಂದು ಹೇಳಲು ಹೊರಟೆ. ಆದರೆ ನೀನು ಕಳೆದ ಸಲ ಬಂದಾಗ ಅವಳೊಂದಿಗೆ ಒಂದು ಮಾತೂ ಆಡದೆ ಹೋದದ್ದು ಅವಳಿಗೂ ಗೊತ್ತು, ನನಗೂ ಗೊತ್ತು. ನನಗೆ ನೀನೂ ಬೇಕು, ಅವಳೂ ಬೇಕು. ಒಬ್ಬರು ಒಳಗೆ ಬರುವಾಗ ಇನ್ನೊಬ್ಬರು ಹೊರಗೆ ಹೋಗುವ ಮನೆಯಲ್ಲಿ ನನಗೆ ಇರಲಾಗುವುದಿಲ್ಲ. ಇರು ಎಂದು ನಾನು ಹೇಳಿದರೆ ಅವಳು ಕೇಳುವುದಿಲ್ಲ, ನೀನು ಹೇಳಬೇಕು. ಎರಡೇ ಸಾಲು ಸಾಕು. ಚಿಕ್ಕಮ್ಮ ಎನ್ನಲು ಕಷ್ಟವಾದರೆ ಏನೂ ಕರೆಯದೆಯೇ ಬರಿ. ಆದರೆ ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಅವಳ ಹೆಸರಿರಲಿ.