ತಪ್ಪು ಹೇಳುವ ಶನಿವಾರ

ಬನಶಂಕರಿ ಎರಡನೇ ಹಂತ
೧೬-೯-೧೯೮೫

ಟ್ರೈನಿಂಗ್ ಆಫೀಸರ್ ಸಂಜೀವಯ್ಯನವರಿಗೆ ವೈಂಡಿಂಗ್ ಸೆಕ್ಷನ್ನಿನ ಈಶ್ವರಮ್ಮನ ನಮಸ್ಕಾರಗಳು.

ಶನಿವಾರದ ಸಭೆ ಶುರು ಮಾಡಿದ ದಿನ ನೀವು ನಮ್ಮ ಬೆಂಚಿನ ಮೇಲೇ ಕುಳಿತು ಹೇಳಿದ್ದಿರಿ: "ಮಾಡಿದ ತಪ್ಪನ್ನ ಧೈರ್ಯವಾಗಿ ಹೇಳ್ರಮ್ಮ. ಎಲ್ರೂ ಕಲೀಬೋದು. ಯಾರ ಹೆಸರೂ ಹೊರಗೆ ಹೋಗಲ್ಲ." ಕೆಂಪಕ್ಕ ಹಿಂಜರಿದಳು. "ಸಾರ್ ಒಳ್ಳೆಯೋರು, ಹೇಳಕ್ಕ" ಎಂದು ಅವಳನ್ನು ಮುಂದೆ ದೂಡಿದವಳು ನಾನೇ. ಮೋಟಾರಿಗೆ ತಂತಿ ಸುತ್ತುವಾಗ ಎಣಿಕೆ ತಪ್ಪಿದ್ದನ್ನು ಅವಳು ಒಪ್ಪಿಕೊಂಡಳು. ಅಂದಿನಿಂದ ನಾವೆಲ್ಲ ಐವತ್ತು ಸುತ್ತಿಗೊಮ್ಮೆ ಸೀಮೆಸುಣ್ಣದ ಗೆರೆ ಹಾಕುತ್ತೇವೆ. ಆಮೇಲೆ ಆ ಕಾರಣಕ್ಕೆ ಒಂದು ಮೋಟಾರೂ ವಾಪಸ್ ಬಂದಿಲ್ಲ.

ಅದೇ ತಪ್ಪಿಗೆ ಈಗ ಅವಳಿಗೆ ಕಂಪನಿಯಿಂದ ಚಾರ್ಜ್‌ಶೀಟ್ ಬಂದಿದೆ. ಸಾಕ್ಷಿಯೆಂದು ಲಗತ್ತಿಸಿರುವುದು ನಿಮ್ಮ ಅಕ್ಷರದಲ್ಲಿರುವ ಸಭೆಯ ಪುಸ್ತಕದ ಪುಟ. ಅವಳ ಹೆಸರಿನ ಕೆಳಗೆ ಗೆರೆಯನ್ನೂ ಎಳೆದಿದ್ದೀರಿ. ದಯವಿಟ್ಟು ಆ ಪುಟವನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಮೊನ್ನೆ ಶನಿವಾರ ನೀವು ಪೆನ್ನಿನ ಕ್ಯಾಪು ತೆಗೆದು ಕಾದಿರಿ. ನಾವು ಹನ್ನೊಂದು ಜನವೂ ಸುಮ್ಮನೆ ಕುಳಿತಿದ್ದೆವು. ಗುರುವಾರ ಟೆಸ್ಟಿಂಗಿನಲ್ಲಿ ಎರಡು ಮೋಟಾರು ಸುಟ್ಟುಹೋದವಲ್ಲ, ಅವು ಯಾಕೆ ಸುಟ್ಟವೆಂದು ನನಗೆ ಗೊತ್ತು. ಆದರೆ ಹೋದ ವಾರ ನಮ್ಮಲ್ಲಿ ಯಾರೂ ತಪ್ಪು ಮಾಡಿಲ್ಲ ಸಾರ್. ಪುಸ್ತಕದಲ್ಲಿ ಹಾಗೇ ಬರೆದುಕೊಳ್ಳಿ.

ಇಂತಿ,
ಈಶ್ವರಮ್ಮ