ಮುತ್ತಜ್ಜನ ಗೇಣು

ಅಜ್ಜನ ಮನೆ,
ಭಾನುವಾರ ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಅಮ್ಮನಿಗೆ, ಮೊದಲು ಒಂದು ಮುತ್ತು.

ಫೋನಿನಲ್ಲಾದರೆ "ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ. ರಜೆ ಮುಗಿಯಿತು, ಮುಂದಿನ ವಾರದ ವಿಮಾನಕ್ಕೆ ಹೊರಟು ಬಾ ಎಂದಿದ್ದೀಯ. ನಾನು ಬರುವುದಿಲ್ಲ. ಒಂದು ವರ್ಷ ಇಲ್ಲೇ ಇರುತ್ತೇನೆ. ಹಾರಾಡಬೇಡ, ಪೂರ್ತಿ ಓದು.

ಅಜ್ಜನ ಹೊಲಿಗೆ ಅಂಗಡಿ ಮುಚ್ಚುತ್ತಿದೆ. ಗಿರಾಕಿ ಕಡಿಮೆ ಎಂದು ಮಾಮ, ಅಂದರೆ ನಿನ್ನ ಮುದ್ದಿನ ತಮ್ಮ, ನಿನಗೆ ಹೇಳಿರಬಹುದು. ನಿಜ ಅದಲ್ಲ. ಕೆಲವು ತಿಂಗಳಿಂದ ಅಜ್ಜ ಕತ್ತರಿಸಿದ ಕೋಟುಗಳೆಲ್ಲ ಬಿಗಿಯಾಗುತ್ತಿವೆ. ಪಕ್ಕದ ಬೀದಿಯ ಔಷಧಿ ಅಂಗಡಿಯವರು ಮಗನ ಮದುವೆಗೆ ಹೊಲಿಸಿದ ಕೋಟಿಗೆ ಗುಂಡಿಯೇ ಕೂಡಲಿಲ್ಲ. ಅವರು ಹೊಟ್ಟೆ ಒಳಗೆಳೆದುಕೊಂಡು ನಿಂತದ್ದು ನೋಡಿ ನನಗೆ ನಗು ಬಂತು, ಆಮೇಲೆ ಅಜ್ಜನ ಮುಖ ನೋಡಿ ಅಳು ಬಂತು. ಬಟ್ಟೆ ಕುಗ್ಗಿದೆ ಎಂದರು ಅಜ್ಜ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮಾಮ ಗಿರಾಕಿಯ ಎದುರಿಗೇ ಆಡಿಬಿಟ್ಟರು.

ನಮ್ಮಲ್ಲಿ ಟೇಪು ಗಿರಾಕಿಗಳಿಗೆ ತೋರಿಸಲಿಕ್ಕಷ್ಟೇ, ಅಳತೆಯೆಲ್ಲ ಗೇಣಿನಲ್ಲಿ ಎಂದು ನಿನಗೇನು ಹೊಸದಾಗಿ ಹೇಳಬೇಕೆ? ಕತ್ತರಿಸುವ ಮೇಜಿನ ಅಂಚಿನಲ್ಲಿ ಮುತ್ತಜ್ಜ ತನ್ನ ಗೇಣಿನಗಲಕ್ಕೆ ಕೊರೆದ ಎರಡು ಕಚ್ಚುಗಳಿವೆಯಲ್ಲ, ಕೈ ಚಾಚಿ ಅವೆರಡನ್ನೂ ಮುಟ್ಟಿದವರಿಗೇ ಕತ್ತರಿ. ಮೊನ್ನೆ ಯಾರೂ ಇಲ್ಲವೆಂದುಕೊಂಡು ಅಜ್ಜ ಅಲ್ಲಿ ಕೈಯಿಟ್ಟರು. ಗೆಣ್ಣುಗಳು ಊದಿ ಬಿಗಿದುಕೊಂಡಿವೆ, ಕಿರುಬೆರಳು ಕಚ್ಚನ್ನು ಮುಟ್ಟಲಿಲ್ಲ. ಇನ್ನೊಂದು ಕೈಯಿಂದ ಅದನ್ನು ಎಳೆದು ನೋಡಿದರು. ಆಗಲೂ ಮುಟ್ಟಲಿಲ್ಲ. ಕುಗ್ಗಿದ್ದು ಬಟ್ಟೆಯಲ್ಲ ಅಮ್ಮ, ಅಜ್ಜನ ಗೇಣು.

ನಾನು ಹೋಗಿ ನನ್ನ ಕೈಯಿಟ್ಟೆ. ಮುಟ್ಟಿತು ಅಮ್ಮ! ಕುಣಿಯುವಷ್ಟು ಖುಷಿಯಾಯಿತು. ಅಜ್ಜ ನಗಲಿಲ್ಲ. "ನಿಮ್ಮಮ್ಮಂದೂ ಮುಟ್ಟಿತ್ತು ಪುಟ್ಟಿ. ನಿಮ್ಮ ಮಾಮಂದು ಮುಟ್ಟಿರ್ಲಿಲ್ಲ. ಆದ್ರೂ ನಿಮ್ಮಮ್ಮಂಗೆ ಕತ್ತರಿ ಕೊಡ್ಲಿಲ್ಲ, ಅಂಗಡಿ ಅವನ ಹೆಸರಿಗೇ ಬರೆದೆ. ಹೆಣ್ಣುಮಗು, ಇನ್ನೊಂದು ಮನೆಗೆ ಹೋಗೋಳು ಅಂದ್ಕೊಂಡೆ" ಎಂದು ಹೇಳಿ ಮುಖ ತೊಳೆಯಲು ಹೋದರು.

ಇದನ್ನು ನೀನು ನನಗೆ ಯಾಕೆ ಹೇಳಲಿಲ್ಲ? ಪ್ರತಿ ರಜೆಗೂ ನನ್ನನ್ನು ವಿಮಾನ ಹತ್ತಿಸುತ್ತೀಯ, ನಿನಗೆ ಮಾತ್ರ ಯಾವಾಗಲೂ ಕೆಲಸ. ನಾನು ಹುಟ್ಟಿದ ಮೇಲೆ ಒಮ್ಮೆಯೂ ಈ ಹೊಸಿಲು ತುಳಿದಿಲ್ಲ ನೀನು. ನಿನ್ನ ಮೇಲೆ ತುಂಬ ಸಿಟ್ಟು ಬಂದಿದೆ, ಅಷ್ಟೇ ಪಾಪವೂ ಅನ್ನಿಸಿದೆ.

ಅಲ್ಲಿ, ನಾವಿರುವ ದೇಶದಲ್ಲಿ, ನಾನು ಎಲ್ಲಿಂದಲೋ ಬಂದವರ ಮಗಳು, ಇಲ್ಲಿ ರಜೆಗೆ ಬಂದು ಹೋಗುವ ಹುಡುಗಿ. ಆ ಮೇಜಿನ ಮುಂದೆ ನಿಂತಾಗ ಮಾತ್ರ "ನೀನು ಎಲ್ಲಿಯವಳು?" ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಅಜ್ಜ ಲೆಕ್ಕ ಹೇಳಲಿ, ನಾನು ಕತ್ತರಿಸುತ್ತೇನೆ. ಶಾಲೆ ಇದೇ ಬೀದಿಯಲ್ಲಿದೆ. ನೀನು ಹೂಂ ಎಂದರೆ ಮಾಮ ಒಂದು ವರ್ಷ ತಡೆಯುತ್ತಾರಂತೆ, ಇಲ್ಲದಿದ್ದರೆ ಈ ತಿಂಗಳೇ ಬಾಗಿಲು ಹಾಕುತ್ತಾರಂತೆ. ಅಜ್ಜನ ಮೇಲಿನ ಕೋಪಕ್ಕೆ ನನಗೆ ಬೇಡ ಎನ್ನಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ನೀನೇ ಹೇಳುವ ಗಾದೆ ಅದು.

ಹೂಂ ಎನ್ನುತ್ತೀಯೆಂದು ಕಾದಿರುವ,
ನಿನ್ನ ಬಾಲಂಗೋಚಿ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ನೀನು ಒಪ್ಪಿದ್ದೀಯ ಎಂದು ಅಜ್ಜನಿಗೆ ಬೆಳಿಗ್ಗೆಯೇ ಹೇಳಿಬಿಟ್ಟೆ. ಅವರು ಅಂಗಡಿಯ ಮಾತೇ ಎತ್ತಲಿಲ್ಲ. "ಹಾಗಾದ್ರೆ ಅವಳ ಕೋಪ ಹೋಯ್ತಾ?" ಎಂದು ಕೇಳಿದರು. ಹೋಯಿತು ಎಂದೆ. ಎರಡೂ ಸುಳ್ಳು ಅಮ್ಮ. ಮೊದಲನೆಯದಕ್ಕೆ ನೀನು ಒಪ್ಪದಿದ್ದರೆ ಬೇಡ, ಮುಂದಿನ ವಾರ ಹೊರಟು ಬರುತ್ತೇನೆ. ಎರಡನೆಯದನ್ನು ಮಾತ್ರ ಸುಳ್ಳಾಗಲು ಬಿಡಬೇಡ.